ಗೆರೆ ಬರೆಯದ ಹುಬ್ಬಳ್ಳಿ ವಿಮಾನ

ಕರ್ನಾಟಕದ ನಕ್ಷೆ ಹರವಿ, ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣಕ್ಕೆ ಅಳತೆಪಟ್ಟಿ ಇಟ್ಟು ಒಂದು ಗೆರೆ ಎಳೆಯಿರಿ. ಆ ಗೆರೆ ಹಾವೇರಿ ಪಟ್ಟಣವನ್ನು ಬಲಕ್ಕೆ ಬಿಟ್ಟು, ಅದೇ ಜಿಲ್ಲೆಯ ಗುತ್ತಲ ಎಂಬ ಊರಿನ ಐದಾರು ಕಿಲೋಮೀಟರ್ ಆಸುಪಾಸಿನಲ್ಲಿ ಹಾಯ್ದು, ತುಂಗಭದ್ರೆ ದಾಟಿ ಚಿತ್ರದುರ್ಗದ ಕಡೆ ಇಳಿಯುತ್ತದೆ. ಬೆಳಗಾವಿಯ ಸಾಂಬ್ರಾದಿಂದ ಬೆಂಗಳೂರಿಗೆ ಎಳೆದರೆ ಅದೂ ಗುತ್ತಲದ ಉತ್ತರಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ದೂರದಲ್ಲೇ ಹೋಗುತ್ತದೆ. ಮುಂಬೈ–ಬೆಂಗಳೂರು ಗೆರೆ ಈಶಾನ್ಯಕ್ಕೆ ಸುಮಾರು 60 ಕಿ.ಮೀ., ದಾಬೋಲಿಂ–ಬೆಂಗಳೂರು ಗೆರೆ ನೈಋತ್ಯಕ್ಕೆ ಸುಮಾರು 45. ಹಾವೇರಿ ಜಿಲ್ಲೆಗೆ ಸ್ವಂತ ವಿಮಾನ ನಿಲ್ದಾಣವಿಲ್ಲ. ಆದರೆ ನೆತ್ತಿಯ ಮೇಲಿನ ಓಡಾಟಕ್ಕೆ ಬರವಿಲ್ಲ.

ವಿಮಾನಗಳೇನೂ ನಮ್ಮ ಅಳತೆಪಟ್ಟಿ ಹಿಡಿದು ಹಾರುವುದಿಲ್ಲ. ಗೊತ್ತುಮಾಡಿದ ವಾಯುಮಾರ್ಗಗಳಿವೆ, ಮುಂಗಾರಿನಲ್ಲಿ ಸುತ್ತಿಹೋಗಬೇಕಾದ ಮೋಡಗಳಿವೆ, ನಿಯಂತ್ರಣ ಕೊಠಡಿಯವರು ‘ಈ ಕಡೆ ಬಾ, ಆ ಕಡೆ ಹೋಗು’ ಎನ್ನುವುದಿದೆ. ಹತ್ತಿಪ್ಪತ್ತು ಕಿಲೋಮೀಟರ್ ಅತ್ತಿತ್ತ ಆಗುವುದು ಮಾಮೂಲು. ಹಾಗಿದ್ದರೂ ಮಾಳಿಗೆಯ ಮೇಲೆ ಮೆಣಸಿನಕಾಯಿ ಹರವಲು ಹತ್ತಿದವರು ತಲೆ ಎತ್ತಿದರೆ ಒಂದಲ್ಲ ಒಂದು ವಿಮಾನ ಕಣ್ಣಿಗೆ ಬೀಳುತ್ತದೆ. ಗುಡ್ಡದ ಮರೆ ಕಡಿಮೆ, ಎತ್ತರದ ಕಟ್ಟಡಗಳಿಲ್ಲ, ಊರಾಚೆ ಗೋವಿನಜೋಳ, ಹತ್ತಿಯ ಬಯಲು.

ವಿಮಾನ ನೋಡುವುದನ್ನೇ ಹವ್ಯಾಸ ಮಾಡಿಕೊಂಡವರು ಜಗತ್ತಿನ ಎಲ್ಲ ಕಡೆ ಇದ್ದಾರೆ. ‘ಒಂದು ವಿಮಾನ ಹೋಯಿತು’ ಎಂಬಷ್ಟಕ್ಕೆ ಅವರಿಗೆ ಸಮಾಧಾನವಿಲ್ಲ. ಯಾವ ಕಂಪನಿಯದು, ಏರ್‌ಬಸ್ಸೋ ಬೋಯಿಂಗೋ, ಅದರಲ್ಲೂ ಯಾವ ಮಾದರಿ, ಬಾಲದ ಹತ್ತಿರ ಬರೆದ ನೋಂದಣಿ ಸಂಖ್ಯೆ ಏನು ಎಂದು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ಭಾರತದ ನಾಗರಿಕ ವಿಮಾನಗಳ ನೋಂದಣಿ ‘ವಿಟಿ’ ಅಕ್ಷರಗಳಿಂದ ಶುರುವಾಗುತ್ತದೆ, ಶ್ರೀಲಂಕಾದ್ದು ‘4ಆರ್’, ಸಂಯುಕ್ತ ಅರಬ್ ಸಂಸ್ಥಾನದ್ದು ‘ಎ6’, ಅಮೆರಿಕದ್ದು ಬರೀ ‘ಎನ್’. ಒಂದೇ ವಿಮಾನವನ್ನು ವರ್ಷಗಳ ಅಂತರದಲ್ಲಿ ಬೇರೆ ಬೇರೆ ಊರುಗಳಲ್ಲಿ ಕಂಡು, ಹಳೆಯ ಬಣ್ಣ ಅಳಿಸಿ ಹೊಸ ಕಂಪನಿಯ ಬಣ್ಣ ಬಳಿದದ್ದನ್ನು ಗುರುತಿಸಿ ಹಿಗ್ಗುವವರಿದ್ದಾರೆ. ಹೊರಗಿನವರಿಗೆ ಇದು ಹುಚ್ಚು ಅನಿಸೀತು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ನಸುಕಿಗೇ ದುರ್ಬೀನು ಹಿಡಿದು ನಿಂತ ಪಕ್ಷಿವೀಕ್ಷಕರ ಮಾತು ಕೇಳಿ ನೋಡಿ: ರೆಕ್ಕೆಯ ಆಕಾರ, ಹಾರುವ ರೀತಿ, ದನಿ, ಋತು, ವೇಳೆ. ವಿಮಾನದವರ ಲೆಕ್ಕಾಚಾರವೂ ಇವೇ ಐದರ ಮೇಲೆ ನಿಂತಿದೆ.

ಈ ಹವ್ಯಾಸ ಬೇರೂರಿದ್ದು ಬ್ರಿಟನ್ನಿನಲ್ಲಿ, ಎರಡನೇ ಮಹಾಯುದ್ಧದ ಹೊತ್ತಿನಲ್ಲಿ. ರಾಡಾರ್ ಕಡಲ ಕಡೆ ಮುಖ ಮಾಡಿತ್ತು. ದಡ ದಾಟಿ ಒಳಬಂದ ವಿಮಾನ ನಮ್ಮದೋ ಜರ್ಮನಿಯದೋ ಎಂದು ಹೇಳಲು ಅಬ್ಸರ್ವರ್ ಕೋರ್ ಎಂಬ ಪಡೆಯ ಸ್ವಯಂಸೇವಕರು ಹಗಲೂ ರಾತ್ರಿ ಬಯಲಲ್ಲಿ ಕುಳಿತು ಆಕಾಶ ಕಾಯುತ್ತಿದ್ದರು. ಶಾಲೆಯ ಹುಡುಗರೂ ವಿಮಾನಗಳ ಕಪ್ಪು ನೆರಳುಚಿತ್ರ ನೋಡಿ ಹೆಸರು ಹೇಳಲು ಕಲಿತರು. ಯುದ್ಧ ಮುಗಿದ ಮೇಲೆ ಕಲಿತ ವಿದ್ಯೆ ಉಳಿಯಿತು, ಕಾಯುವ ಕೆಲಸ ಹೋಯಿತು. ಅಂದು ದೇಶಸೇವೆ ಎನಿಸಿಕೊಂಡ ಅದೇ ಕೆಲಸ ಇಂದು ಎಷ್ಟೋ ದೇಶಗಳಲ್ಲಿ ಪೊಲೀಸರ ಅನುಮಾನಕ್ಕೆ ದಾರಿ. 2001ರ ನವೆಂಬರ್‌ನಲ್ಲಿ ಗ್ರೀಸಿನ ಕಲಮಾಟ ವಾಯುನೆಲೆಯಲ್ಲಿ ವಿಮಾನ ಪ್ರದರ್ಶನಕ್ಕೆ ಹೋಗಿದ್ದ 12 ಬ್ರಿಟಿಷರನ್ನೂ ಇಬ್ಬರು ಡಚ್ಚರನ್ನೂ ಬೇಹುಗಾರಿಕೆಯ ಆರೋಪದ ಮೇಲೆ ಬಂಧಿಸಿದರು. ಮರುವರ್ಷ ಕೆಳ ನ್ಯಾಯಾಲಯ ಶಿಕ್ಷೆ ವಿಧಿಸಿತು, ಮೇಲ್ಮನವಿಯಲ್ಲಿ ಬಿಡುಗಡೆಯಾಯಿತು. ಸಂಖ್ಯೆ ಬರೆದುಕೊಳ್ಳಲೆಂದೇ ರಜೆ ಹಾಕಿ ಬರುವವರು ಇರುತ್ತಾರೆ ಎಂದು ಅಲ್ಲಿನ ಅಧಿಕಾರಿಗಳಿಗೆ ನಂಬಿಸುವುದೇ ದೊಡ್ಡ ಕೆಲಸವಾಗಿತ್ತು.

ನಮ್ಮಲ್ಲೂ 2010ರ ಫೆಬ್ರವರಿಯಲ್ಲಿ ಹೀಗೇ ಆಯಿತು. ದೆಹಲಿ ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಇಳಿದುಕೊಂಡಿದ್ದ ಇಬ್ಬರು ಬ್ರಿಟಿಷ್ ಹವ್ಯಾಸಿಗಳ ಬಳಿ ಕ್ಯಾಮೆರಾ ಜೊತೆಗೆ ರೇಡಿಯೊ ಸ್ಕ್ಯಾನರ್ ಇತ್ತು. ಬಂಧಿಸಿ ಮೊಕದ್ದಮೆ ಹೂಡಿದರು, ಕೊನೆಗೆ ದಂಡ ಕಟ್ಟಿಸಿಕೊಂಡು ಊರಿಗೆ ಕಳಿಸಿದರು. ಪೈಲಟ್ ಮತ್ತು ನಿಯಂತ್ರಣ ಕೊಠಡಿಯ ಮಾತನ್ನು ಪರವಾನಗಿ ಇಲ್ಲದೆ ರೇಡಿಯೊದಲ್ಲಿ ಕದ್ದು ಕೇಳುವುದು ಈ ದೇಶದಲ್ಲಿ ಅಪರಾಧ. ಫೋಟೊದ ಮಾತಿಗೆ ಬಂದರೆ 1937ರ ವಿಮಾನ ನಿಯಮಗಳ 13ನೇ ನಿಯಮ ಇದೆ: ಸರ್ಕಾರಿ ನಿಲ್ದಾಣದಲ್ಲಿ ಆಗಲಿ, ಹಾರುತ್ತಿರುವ ವಿಮಾನದಿಂದ ಆಗಲಿ, ವಿಮಾನಯಾನ ಮಹಾನಿರ್ದೇಶಕರ ಲಿಖಿತ ಅನುಮತಿ ಇಲ್ಲದೆ ಚಿತ್ರ ತೆಗೆಯುವಂತಿಲ್ಲ. ಕಿಟಕಿ ಪಕ್ಕ ಕುಳಿತ ಪ್ರಯಾಣಿಕರಿಗೆ ಆಮೇಲೆ ಸಡಿಲಿಕೆ ಸಿಕ್ಕಿತು. ಬೇಲಿಯಾಚೆ ಉದ್ದನೆಯ ಲೆನ್ಸ್ ಹಿಡಿದು ನಿಂತವನ ಪಾಡು ಮಾತ್ರ ಅಂದಿನ ಕಾವಲುಗಾರನ ಮರ್ಜಿಗೆ ಬಿಟ್ಟದ್ದು.

ನೋಡಲು ಜಾಗ ಸಿಗದ ಕಷ್ಟ ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತು. 2008ರ ಮೇ ತಿಂಗಳವರೆಗೆ ಪ್ರಯಾಣಿಕರ ವಿಮಾನಗಳು ಎಚ್‌ಎಎಲ್ ನಿಲ್ದಾಣದಲ್ಲಿ ಇಳಿಯುತ್ತಿದ್ದಾಗ ಮಾರತಹಳ್ಳಿಯ ಕಡೆ ರಸ್ತೆಯಲ್ಲಿ ನಿಂತವರ ತಲೆಯ ಮೇಲೇ ಚಕ್ರ ಬಿಚ್ಚಿಕೊಂಡು ಬರುತ್ತಿದ್ದವು. ದೇವನಹಳ್ಳಿಗೆ ಹೋದ ಮೇಲೆ ನಿಲ್ದಾಣ ದೊಡ್ಡದಾಯಿತು, ನೋಡುವವರು ದೂರವಾದರು. ಎರಡು ವರ್ಷಕ್ಕೊಮ್ಮೆ ಯಲಹಂಕ ವಾಯುನೆಲೆಯಲ್ಲಿ 1996ರಿಂದ ನಡೆದುಬಂದ ಏರೋ ಇಂಡಿಯಾ ವಿಮಾನ ಪ್ರದರ್ಶನ ಬಂದಾಗ ಮಾತ್ರ ಎಲ್ಲರಿಗೂ ತಲೆ ಎತ್ತುವ ಹಕ್ಕು ಸಿಗುತ್ತದೆ. ನಮ್ಮ ಬೀದರಿನಲ್ಲಿ ನೆಲೆ ಇರುವ, ವಾಯುಪಡೆಯ ಸೂರ್ಯಕಿರಣ ಕಸರತ್ತು ತಂಡದ ವಿಮಾನಗಳು ಮೇಲೇರಿದವೆಂದರೆ ಸುತ್ತಲಿನ ಮಾಳಿಗೆಗಳೆಲ್ಲ ಭರ್ತಿ. ಮ್ಯಾಂಚೆಸ್ಟರಿನಲ್ಲಿ ರನ್‌ವೇ ಪಕ್ಕದಲ್ಲೇ ವೀಕ್ಷಕರಿಗಾಗಿ ಉದ್ಯಾನ ಮಾಡಿ, ಟಿಕೆಟ್ ಇಟ್ಟು, ಹಳೆಯ ಕಾಂಕಾರ್ಡ್ ಒಂದನ್ನು ನಿಲ್ಲಿಸಿದ್ದಾರೆ. ಅಂಥದ್ದೊಂದು ಹುಬ್ಬಳ್ಳಿಯಲ್ಲೋ ಶಿವಮೊಗ್ಗದಲ್ಲೋ ಏಕೆ ಆಗಬಾರದು? ಕಾವಲಿನ ತಲೆನೋವೂ ಕಡಿಮೆಯಾದೀತು: ನೋಡುವವರೆಲ್ಲ ಒಂದೇ ಕಡೆ ಸೇರುತ್ತಾರೆ.

ಅಲ್ಲಿಯವರೆಗೆ ನನ್ನ ಓಟು ಗುತ್ತಲದಂಥ ಊರಿಗೆ. ಇಲ್ಲಿ ಬೇಲಿಯೂ ಇಲ್ಲ, ಅಡ್ಡ ಬಂದು ಕೇಳುವವರೂ ಇಲ್ಲ. ಬೇಲಿಯ ಪಕ್ಕ ನಿಂತವರಿಗೆ ವಿಮಾನದ ಮೈಮೇಲಿನ ಅಕ್ಷರ ಕಾಣುತ್ತದೆ, ಓದುವುದು ಅಲ್ಲಿಗೆ ಮುಗಿಯುತ್ತದೆ. ದೂರದಿಂದ ನೋಡುವವರು ಅಕ್ಷರವಿಲ್ಲದೆ ಓದಬೇಕು. ನನಗೆ ರುಚಿಸುವುದು ಈ ಎರಡನೆಯದೇ.

ಬಿಳಿಗೆರೆಯಿಂದ ಶುರು ಮಾಡೋಣ. “ಏ, ರಾಕೆಟ್ ಹೊಂಟೈತಿ ನೋಡ್ರಲೇ!” ಎಂದು ಕೂಗದೆ ಬೆಳೆದವರು ನಮ್ಮ ಕಡೆ ಕಡಿಮೆ. ಅದು ರಾಕೆಟ್ಟೂ ಅಲ್ಲ, ಗೆರೆ ಹೊಗೆಯೂ ಅಲ್ಲ. ಇಂಧನ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಎಂಜಿನ್ನಿನಿಂದ ಹೊರಬಿದ್ದ ಆ ಬಿಸಿ ಆವಿ ಕೊರೆಯುವ ಗಾಳಿಗೆ ತಾಗಿದ್ದೇ ಮಸಿಯ ಕಣಗಳ ಸುತ್ತ ಹಿಮದ ಹರಳಾಗುತ್ತದೆ. ಇದಕ್ಕೆ ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್ಸಿನ ಚಳಿ ಬೇಕು. ಯುರೋಪಿನ ಮೇಲೆ 11 ಕಿ.ಮೀ. ಎತ್ತರದಲ್ಲಿ ಮೈನಸ್ 55ರ ಸುತ್ತ ಇರುತ್ತದೆ, ಹಾಗಾಗಿ ಅಲ್ಲಿ ಆಕಾಶದ ತುಂಬ ಗೀಟು. ನಾವಿರುವುದು ಉಷ್ಣವಲಯದಲ್ಲಿ. ಅದೇ ಎತ್ತರದಲ್ಲಿ ನಮ್ಮ ಮೇಲಿನ ಗಾಳಿ ಮೈನಸ್ 40ರ ಆಸುಪಾಸಿನಲ್ಲೇ ತೂಗಾಡುತ್ತದೆ. ಅದರಿಂದಾಗಿ ಒಂದು ದಿನ ಗೆರೆ ಮೂಡುತ್ತದೆ, ಮರುದಿನ ಅದೇ ವಿಮಾನ ಅದೇ ದಾರಿಯಲ್ಲಿ ಹೋದರೂ ಮೂಡುವುದಿಲ್ಲ. ಮುಂಬೈ ಕಡೆಯಿಂದ, ಕೊಲ್ಲಿ ದೇಶಗಳ ಕಡೆಯಿಂದ ಬಂದು 11–12 ಕಿ.ಮೀ. ಎತ್ತರ ಹಿಡಿದವುಗಳಿಗೇ ಗೆರೆ ಬರೆಯುವ ಅವಕಾಶ ಹೆಚ್ಚು.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ನೇರ ದೂರ ಸುಮಾರು 370 ಕಿ.ಮೀ. ಇಷ್ಟಕ್ಕೆ ಅಷ್ಟು ಮೇಲೇರುವ ಗೋಜಿಗೆ ಯಾರೂ ಹೋಗುವುದಿಲ್ಲ, ಏರಿದೊಡನೆ ಇಳಿಯಬೇಕಾಗುತ್ತದೆ. ಗುತ್ತಲ ಇರುವುದು ಹುಬ್ಬಳ್ಳಿಯಿಂದ 80 ಕಿಲೋಮೀಟರಿನಷ್ಟು ಆಚೆ. ಇಲ್ಲಿಗೆ ಬರುವ ಹೊತ್ತಿಗೆ ವಿಮಾನ ಇನ್ನೂ ಏರುತ್ತಿರುತ್ತದೆ, ಇಲ್ಲವೆ ಐದರಿಂದ ಎಂಟು ಕಿಲೋಮೀಟರ್ ಎತ್ತರದಲ್ಲಿ ನೆಟ್ಟಗಾಗಿರುತ್ತದೆ. ಅಲ್ಲಿಯ ಚಳಿ ಸಾಮಾನ್ಯವಾಗಿ ಮೈನಸ್ 25ಕ್ಕೂ ಇಳಿಯುವುದಿಲ್ಲ. ಆದುದರಿಂದ ನಮಗೆ ಎಲ್ಲಕ್ಕಿಂತ ಹತ್ತಿರ ಬರುವ, ನಮ್ಮದೇ ಅನ್ನಬಹುದಾದ ಹುಬ್ಬಳ್ಳಿ ವಿಮಾನ ಗೆರೆ ಬರೆಯದೆ ಹೋಗುತ್ತದೆ. ಮಕ್ಕಳು ಕೂಗುವುದು ಯಾರೋ ದೂರದವರ ವಿಮಾನಕ್ಕೆ.

ಗೆರೆ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ಮೇಲಿನ ತೇವದ ಲೆಕ್ಕ. ಗಾಳಿ ಒಣಗಿದ್ದರೆ ವಿಮಾನದ ಹಿಂದೆ ಚೋಟುದ್ದ ಬಾಲ ಮೂಡಿ ಅಳಿಯುತ್ತದೆ. ತೇವವಿದ್ದರೆ ಉದ್ದಕ್ಕೆ ಉಳಿದು, ಅಗಲವಾಗಿ, ಕೊನೆಗೆ ತೆಳುಮೋಡದ ಹಾಗೆ ಹರಡುತ್ತದೆ. ‘ಮೇಲಿಂದ ರಾಸಾಯನಿಕ ಉದುರಿಸುತ್ತಿದ್ದಾರೆ’ ಎಂಬ ವಾಟ್ಸ್‌ಆ್ಯಪ್ ಸುದ್ದಿ ಬಂದರೆ ಇಷ್ಟು ಹೇಳಿ ಸುಮ್ಮನಾಗಿಸಬಹುದು. ಮೋಡಕ್ಕೆ ಕಣ ಎರಚುವ ವಿಮಾನವನ್ನು ನಮ್ಮ ಜಿಲ್ಲೆ ಬೇರೆಯಾಗಿಯೇ ನೋಡಿದೆ. 2023ರ ಬರದಲ್ಲಿ ರಾಣೆಬೆನ್ನೂರಿನ ಶಾಸಕರ ಮುಂದಾಳತ್ವದಲ್ಲಿ ಹಾವೇರಿ ಜಿಲ್ಲೆಯ ಮೇಲೆ ಮೋಡ ಬಿತ್ತನೆ ನಡೆದಾಗ ವಿಮಾನ ಹಾರಿದ್ದು ಹುಬ್ಬಳ್ಳಿಯಿಂದಲೇ. ಇಂಥ ಕೆಲಸಕ್ಕೆ ಬರುವುದು ಚಿಕ್ಕ ವಿಮಾನ. ಅದು ಮಳೆಮೋಡದ ಮಟ್ಟದಲ್ಲಿ ಸುತ್ತುತ್ತದೆ, ಕಣಗಳನ್ನು ಉರಿಸಿ ಬಿಡುವ ಕೊಳವೆಗಳು ರೆಕ್ಕೆಗೆ ಕಟ್ಟಿರುತ್ತವೆ. ಆಕಾಶದ ತುದಿಯಿಂದ ತುದಿಗೆ ಗೆರೆ ಎಳೆಯುವುದು ಅದರ ಕೈಲಾಗದ ಕೆಲಸ. ಬಿತ್ತನೆಯಿಂದ ಎಷ್ಟು ಮಳೆ ಹೆಚ್ಚಾಯಿತು ಎಂಬ ವಾದಕ್ಕೆ ನಾನು ಇಳಿಯುವುದಿಲ್ಲ, ಇಡೀ ಜಿಲ್ಲೆ ಒಂದು ವಿಮಾನದ ದಾರಿ ಕಾದದ್ದು ಮಾತ್ರ ನೆನಪಿಡುವ ಸಂಗತಿ.

ಸದ್ದು ಮೋಸ ಮಾಡುತ್ತದೆ. ಹನ್ನೊಂದು ಕಿಲೋಮೀಟರ್ ಮೇಲಿನ ಸದ್ದು ನೆಲ ಮುಟ್ಟಲು ಅರ್ಧ ನಿಮಿಷಕ್ಕೂ ಹೆಚ್ಚು ಬೇಕು. ಗಂಟೆಗೆ 850 ಕಿ.ಮೀ. ವೇಗದ ವಿಮಾನ ಅಷ್ಟರಲ್ಲಿ ಎಂಟು ಕಿಲೋಮೀಟರ್ ಮುಂದೆ ಹೋಗಿರುತ್ತದೆ. ಸದ್ದು ಬಂದ ಕಡೆ ನೋಡಿದವರಿಗೆ ಬರೀ ನೀಲಿ ಸಿಗುತ್ತದೆ, ಸದ್ದಿಗಿಂತ ಬಹಳ ಮುಂದಕ್ಕೆ ಕಣ್ಣು ಹಾಯಿಸಬೇಕು. ಸದ್ದಿಗೂ ವಿಮಾನಕ್ಕೂ ಅಂತರ ಕಡಿಮೆ ಎನಿಸಿದರೆ ಅದು ಕೆಳಗೆ ಹಾರುತ್ತಿದೆ ಎಂದರ್ಥ, ಬಹುಶಃ ಹುಬ್ಬಳ್ಳಿಯದೋ ಬೆಳಗಾವಿಯದೋ. ರೆಕ್ಕೆ ಮೈಯ ಮೇಲ್ಭಾಗಕ್ಕೆ ಅಂಟಿದ್ದು, ಗುಂಯ್‌ಗುಡುವ ಪಂಖಗಳ ದನಿ ಇದ್ದರೆ ಎಟಿಆರ್. ಅದರ ಬಾಲದ ಅಡ್ಡರೆಕ್ಕೆ ತುತ್ತತುದಿಯಲ್ಲಿರುತ್ತದೆ, ದುರ್ಬೀನಿನಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ದುರ್ಬೀನು ಎಂದೆ, ಅದಕ್ಕೂ ಒಂದು ಲೆಕ್ಕವಿದೆ. ಏರ್‌ಬಸ್ ಎ320 ವಿಮಾನದ ಉದ್ದ ಸುಮಾರು 37.5 ಮೀಟರ್. ನೆತ್ತಿಯ ಮೇಲೆ 11 ಕಿ.ಮೀ. ಎತ್ತರದಲ್ಲಿ ಅದು ಚಂದ್ರನ ಅಗಲದ ಮೂರನೇ ಒಂದು ಭಾಗಕ್ಕಿಂತ ತುಸು ದೊಡ್ಡದಾಗಿ ಕಾಣುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಸಾಧಾರಣ ದುರ್ಬೀನಿನಲ್ಲಿ ನೋಡಿದರೆ ಒಂದು ಕಿಲೋಮೀಟರ್ ಚಿಲ್ಲರೆ ದೂರದಲ್ಲಿದ್ದಂತೆ. ಎಂಜಿನ್ ಎರಡೋ ನಾಲ್ಕೋ, ಹೊಟ್ಟೆಯ ಬಣ್ಣ ಯಾವುದು ಎಂದು ತಿಳಿಯಲು ಅಷ್ಟು ಸಾಕು. ನಾಲ್ಕು ಎಂಜಿನ್ನಿನವು ಈಗ ಅಪರೂಪ. ಎಮಿರೇಟ್ಸ್ ಕಂಪನಿ 2022ರ ಅಕ್ಟೋಬರ್‌ನಲ್ಲಿ ದುಬೈ–ಬೆಂಗಳೂರು ಮಾರ್ಗಕ್ಕೆ ಎರಡು ಅಂತಸ್ತಿನ ಎ380 ಹಾಕಿತು. ಅದರ ಉದ್ದ 72 ಮೀಟರಿಗೂ ಹೆಚ್ಚು. ಅದು ನೆತ್ತಿಯ ಮೇಲೆ ಬಂದರೆ ಬರಿಗಣ್ಣಿಗೂ ಬೇರೆಯಾಗಿ ಕಾಣುತ್ತದೆ. ಸೂರ್ಯನ ಹತ್ತಿರ ವಿಮಾನ ಇದ್ದಾಗ ಮಾತ್ರ ದುರ್ಬೀನು ಕೆಳಗಿಡಿ, ಒಂದು ಕ್ಷಣ ಸಾಕು ಕಣ್ಣು ಕಳೆದುಕೊಳ್ಳಲು.

ಮುಂಬೈ ಮಾರ್ಗ ಇಲ್ಲಿಂದ 60 ಕಿ.ಮೀ. ದೂರವೆಂದೆ. ಅಷ್ಟು ದೂರದ್ದು ಕಾಣುತ್ತದೆಯೇ? ಈಶಾನ್ಯಕ್ಕೆ ಮುಖ ಮಾಡಿ ತೋಳು ನೀಡಿ ಮುಷ್ಟಿ ಕಟ್ಟಿ, ಮುಷ್ಟಿಯ ತಳ ದಿಗಂತಕ್ಕೆ ತಾಗುವಂತೆ ಹಿಡಿಯಿರಿ. ಮುಷ್ಟಿಯ ಮೇಲಂಚು ಸುಮಾರು ಹತ್ತು ಡಿಗ್ರಿ ಎತ್ತರ. 60 ಕಿ.ಮೀ. ಆಚೆ 11 ಕಿ.ಮೀ. ಮೇಲೆ ಹಾರುವ ವಿಮಾನ ಸರಿಯಾಗಿ ಅಲ್ಲೇ ಇರುತ್ತದೆ. ಸಂಜೆಯ ಓರೆ ಬಿಸಿಲಿಗೆ ಮಿರುಗುವ ಚುಕ್ಕಿಗಳು ಆ ಮಟ್ಟದಲ್ಲಿ ಒಂದರ ಹಿಂದೊಂದು ಸರಿಯುವುದನ್ನು ಕಂಡರೆ ದೇಶದ ಅತ್ಯಂತ ದಟ್ಟಣೆಯ ಮಾರ್ಗಗಳಲ್ಲಿ ಒಂದನ್ನು ಪಕ್ಕದಿಂದ ನೋಡುತ್ತಿದ್ದೀರಿ. ಎದುರುಬದುರು ಬಂದ ಎರಡು ಚುಕ್ಕಿಗಳು ಡಿಕ್ಕಿಯಾದವೇನೋ ಎನ್ನಿಸಿ ಎದೆ ಝಲ್ಲೆಂದರೆ ಹೆದರಬೇಡಿ. ಪೂರ್ವದ ಅರ್ಧಕ್ಕೆ ಮುಖ ಮಾಡಿದವು 33, 35, 37 ಸಾವಿರ ಅಡಿಯಂಥ ಬೆಸ ಮಟ್ಟಗಳಲ್ಲಿ, ಪಶ್ಚಿಮದ ಅರ್ಧಕ್ಕೆ ಹೋಗುವವು 34, 36, 38ರಂಥ ಸಮ ಮಟ್ಟಗಳಲ್ಲಿ ಹಾರಬೇಕೆಂಬುದು ಸಾಮಾನ್ಯ ನಿಯಮ. ನಡುವಿನ ಒಂದು ಸಾವಿರ ಅಡಿಯಲ್ಲಿ ಎಂಟು ಎ320ಗಳನ್ನು ಉದ್ದಕ್ಕೆ ಒಂದರ ಮೇಲೊಂದು ನಿಲ್ಲಿಸಬಹುದು. ಬೆಂಗಳೂರಿಗೆ ಹೋಗುವವರ ಮಟ್ಟ ಬೆಸ, ಮುಂಬೈಗೆ ಮರಳುವವರದು ಸಮ.

ರಾತ್ರಿ ಇನ್ನೂ ಸುಲಭ. ವಿಮಾನದ ಎಡರೆಕ್ಕೆಯ ತುದಿಗೆ ಕೆಂಪು ದೀಪ, ಬಲರೆಕ್ಕೆಗೆ ಹಸಿರು, ಬಾಲಕ್ಕೆ ಬಿಳಿ. ದುರ್ಬೀನಿನಲ್ಲಿ ಕೆಂಪು ನಿಮ್ಮ ಎಡಕ್ಕೆ, ಹಸಿರು ಬಲಕ್ಕೆ ಕಂಡರೆ ಅದು ನಿಮ್ಮಿಂದ ದೂರ ಹೋಗುತ್ತಿದೆ. ಅದಲು ಬದಲಾಗಿದ್ದರೆ ನಿಮ್ಮ ಕಡೆಗೇ ಬರುತ್ತಿದೆ. ಕೆಂಪು ಒಂದೇ ಕಂಡರೆ ಅದರ ಎಡಮಗ್ಗುಲು ನಿಮಗೆ ಕಾಣುತ್ತಿದೆ. ಜೊತೆಗೆ ಮಿಣಮಿಣ ಹೊಡೆಯುವ ಬೆಳಕು ಇದ್ದೇ ಇರುತ್ತದೆ. ಮಿಟುಕದೆ, ಸದ್ದಿಲ್ಲದೆ, ಒಂದೇ ಸಮ ಹೊಳೆಯುತ್ತ ಐದಾರು ನಿಮಿಷದಲ್ಲಿ ಆಕಾಶ ದಾಟಿ, ನಡುವೆಯೇ ಭೂಮಿಯ ನೆರಳಿಗೆ ಸಿಕ್ಕಿ ಮಾಯವಾದರೆ ಅದು ವಿಮಾನವಲ್ಲ, ಸುಮಾರು 400 ಕಿ.ಮೀ. ಮೇಲಿನ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಇರಬಹುದು.

ಇಷ್ಟೆಲ್ಲ ತಲೆನೋವು ಯಾಕೆ, ಮೊಬೈಲ್ ತೆರೆದರೆ ಯಾವ ವಿಮಾನ ಎಂದು ಹೆಸರು ಸಮೇತ ತೋರಿಸುತ್ತದಲ್ಲ ಎಂದು ಹುಡುಗರು ಕೇಳುತ್ತಾರೆ. ತೋರಿಸುತ್ತದೆ. ವಿಮಾನಗಳು ತಮ್ಮ ಗುರುತು, ಎತ್ತರ, ವೇಗಗಳನ್ನು 1090 ಮೆಗಾಹರ್ಟ್ಸ್ ತರಂಗದಲ್ಲಿ ತಾವೇ ಸಾರುತ್ತ ಹೋಗುತ್ತವೆ. ನೆಲದ ಮೇಲಿನ ಪುಟ್ಟ ಆಂಟೆನಾಗಳು ಅದನ್ನು ಹಿಡಿಯುತ್ತವೆ. ಹನ್ನೊಂದು ಕಿಲೋಮೀಟರ್ ಎತ್ತರದ ವಿಮಾನದ ದನಿ ಅಡ್ಡಿಯಿಲ್ಲದ ಬಯಲಲ್ಲಿ 370 ಕಿ.ಮೀ. ತನಕ ಕೇಳಿಸೀತು, ಅದರಾಚೆ ಭೂಮಿಯ ಗುಂಡಗೇ ಅಡ್ಡ. ಫ್ಲೈಟ್‌ರಾಡಾರ್24 ಎಂಬ ಪ್ರಸಿದ್ಧ ಜಾಲ ಸ್ವೀಡನ್ನಿನಲ್ಲಿ 2006ರಲ್ಲಿ ಇಬ್ಬರು ಹವ್ಯಾಸಿಗಳು ಶುರು ಮಾಡಿದ್ದು, ಇಂದಿಗೂ ಬಹುಪಾಲು ನಡೆಯುವುದು ಊರೂರಿನ ಸ್ವಯಂಸೇವಕರ ಆಂಟೆನಾಗಳ ಬಲದ ಮೇಲೆ. ಮೊಬೈಲು ಉತ್ತರ ತಾಳೆ ನೋಡಲು ಒಳ್ಳೆಯದು. ಮೊದಲು ನೀವು ಊಹಿಸಿ, ಆಮೇಲೆ ತೆರೆಯಿರಿ. ಮೊದಲೇ ತೆರೆದರೆ ಆಕಾಶ ನೋಡುವುದೇ ತಪ್ಪುತ್ತದೆ, ಇದನ್ನು ನಾನು ಹಲವರಲ್ಲಿ ಕಂಡಿದ್ದೇನೆ.

ಈ ಆಕಾಶಕ್ಕೂ ಒಂದು ಚರಿತ್ರೆ ಇದೆ. ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಕಟ್ಟಿದ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಹಾರಾಟ ಆರಂಭಿಸಿದಾಗ ಅದರ ಮೊದಲ ಮಾರ್ಗಗಳಲ್ಲಿ ಹುಬ್ಬಳ್ಳಿ–ಬೆಂಗಳೂರು ಒಂದು, ವಿಮಾನ ಎಟಿಆರ್. ಕಡಿಮೆ ದರದ ವಿಮಾನಯಾನ ಭಾರತಕ್ಕೆ ಕಾಲಿಟ್ಟದ್ದು ಹೆಚ್ಚುಕಡಿಮೆ ಗುತ್ತಲದ ನೆತ್ತಿಯ ಮೇಲಿಂದ ಎಂದರೆ ಅತಿಶಯವಲ್ಲ. ಕೆಳಗೆ ಯಾರಾದರೂ ಗಮನಿಸಿದರೋ ಇಲ್ಲವೋ. ನಡುವೆ ಹುಬ್ಬಳ್ಳಿಯ ಓಡಾಟ ಸೊರಗಿತು, 2018ರಲ್ಲಿ ಸಣ್ಣ ಊರುಗಳಿಗೆ ವಿಮಾನ ತರುವ ಉಡಾನ್ ಯೋಜನೆಯ ಬಲದಿಂದ ಮತ್ತೆ ಚುರುಕಾಯಿತು. ಕೊರೊನಾ ಲಾಕ್‌ಡೌನಿನಲ್ಲಿ, 2020ರ ಮಾರ್ಚ್ 25ರಿಂದ ಎರಡು ತಿಂಗಳು ದೇಶದೊಳಗಿನ ಪ್ರಯಾಣಿಕರ ವಿಮಾನಗಳೆಲ್ಲ ನಿಂತಾಗ ಮೇಲೆ ಸರಕು ವಿಮಾನ ಬಿಟ್ಟರೆ ಹೆಚ್ಚೇನೂ ಉಳಿಯಲಿಲ್ಲ. ರಸ್ತೆಯ ಮೌನವನ್ನು ಎಲ್ಲರೂ ಬರೆದರು, ಮೇಲಿನದನ್ನು ಬರೆದವರು ಕಡಿಮೆ. ಮೇ 25ಕ್ಕೆ ಮತ್ತೆ ಶುರುವಾಯಿತು.

ಕಲಿಯುವ ಮನಸ್ಸಿದ್ದರೆ ದೀಪಾವಳಿ ಕಳೆದ ಮೇಲಿನ ದಿನಗಳು ಒಳ್ಳೆಯವು. ಮುಂಗಾರಿನ ಮೋಡ ಸರಿದಿರುತ್ತದೆ, ಬೇಸಿಗೆಯ ಧೂಳು ಇನ್ನೂ ಎದ್ದಿರುವುದಿಲ್ಲ. ನೂರು ಪುಟದ ನೋಟ್‌ಬುಕ್ಕಿನಲ್ಲಿ ಐದು ಅಂಕಣ ಗೀರಿ: ತಾರೀಖು, ಗಂಟೆ, ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ, ಗೆರೆ ಇತ್ತೋ ಇಲ್ಲವೋ, ನಿಮ್ಮ ಊಹೆ. ಎರಡು ವಾರ ಬರೆದರೆ ದಿನವೂ ಅದೇ ಹೊತ್ತಿಗೆ ಬರುವವು ಯಾವುವು ಎಂದು ತಾನೇ ಗೊತ್ತಾಗುತ್ತದೆ. ವಿಮಾನ ಕಂಪನಿಗಳ ಚಳಿಗಾಲದ ವೇಳಾಪಟ್ಟಿ ಜಾರಿಗೆ ಬರುವುದು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ, ಬೇಸಿಗೆಯದು ಮಾರ್ಚ್ ಕೊನೆಯ ಭಾನುವಾರ. ಅಂದು ಕೆಲವು ವಿಮಾನ ಹತ್ತು ನಿಮಿಷ ಹಿಂದೆ ಮುಂದಾಗುತ್ತವೆ, ಕೆಲವು ಬರುವುದನ್ನೇ ಬಿಡುತ್ತವೆ, ಹೊಸವು ಸೇರುತ್ತವೆ. ನೋಟ್‌ಬುಕ್ಕಿನಲ್ಲಿ ಆ ಎರಡು ತಾರೀಖಿಗೆ ಅಡ್ಡಗೀಟು ಹಾಕಿ ಹೊಸ ಪುಟದಿಂದ ಬರೆಯುವುದು ಒಳ್ಳೆಯದು.